ಷರಾ

ಆ ವರ್ಷ ಬ್ರಿಟನ್ನಿನಲ್ಲಿ ಬೇಸಿಗೆಯಿಡೀ ಮಳೆ ಬೀಳಲಿಲ್ಲವಂತೆ.
ಬಾರ್ಲಿ ಹೊಲದ ಮೇಲೆ ಪುಟ್ಟ ವಿಮಾನದಲ್ಲಿ ಹಾರುತ್ತಿದ್ದವನು
ಬಗ್ಗಿ ನೋಡಿದರೆ, ಒಣಗಿದ ಪೈರಿನಲ್ಲಿ
ಒಂದು ಮನೆಯ ನಕ್ಷೆ:
ಅಂಗಳ, ಹಜಾರ, ಬಚ್ಚಲು, ಕಂಬಗಳ ಸಾಲು.
ಸಾವಿರದ ಏಳುನೂರು ವರ್ಷದ ಹಿಂದೆ
ರೋಮಿನವರು ಕಟ್ಟಿ, ಬಿಟ್ಟು, ಮರೆತದ್ದು.
ಅಗೆದರೆ ಸಿಕ್ಕಿದ್ದು ಎಲುಬಿನ ಬಾಚಣಿಗೆ, ಒಂಟಿ ಚಪ್ಪಲಿ,
ಹಿತ್ತಲಿನಲ್ಲಿ ಕಲವದ ಚಿಪ್ಪಿನ ರಾಶಿ.
ಕಲವ ತಿಂದು ಚಿಪ್ಪು ಹಿತ್ತಲಿಗೆ ಎಸೆಯುವವರು
ಹಾಗಾದರೆ ನಮ್ಮಂಥವರೇ, ಅಂದುಕೊಂಡೆ.

ಮೊಮ್ಮಗಳು ಸಾನಿಕಾ ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಳು.
ನನಗೇನೂ ಆಶ್ಚರ್ಯವಾಗಲಿಲ್ಲ.
ಮೂವತ್ತನಾಲ್ಕು ವರ್ಷ ಕಾರವಾರದ ಮೋಜಣಿ ಕಚೇರಿಯಲ್ಲಿ
ಸರಪಳಿ ಎಳೆದವನು ನಾನು, ವಿಠೋಬ ಕೊಠಾರಕರ.
ಕಲ್ಲಿನ ಮೇಲೆ ಮಣ್ಣು ತೆಳು. ಬೇರಿಗೆ ನೀರು ಸಾಲದು.
ಹುಲ್ಲು ಅಲ್ಲಿ ಎಲ್ಲಕ್ಕಿಂತ ಮೊದಲು ಹಳದಿಯಾಗುತ್ತದೆ.
ಗೋಡೆ ಹೋದರೂ ಗೋಡೆಯ ಬಾಯಾರಿಕೆ ಹೋಗುವುದಿಲ್ಲ.

ತಟ್ಟಿದ್ದು ಬೇರೆಯದು.
ಅಲ್ಲೇ ಉತ್ತರದಲ್ಲಿ, ದಂಡು ಸಾಗುವಾಗ
ಒಂದೇ ರಾತ್ರಿ ಮಲಗಲೆಂದು ಸಿಪಾಯಿಗಳು ತೋಡಿದ ಕಂದಕ,
ಬೆಳಗಾದರೆ ಬಿಟ್ಟು ಹೊರಟದ್ದು,
ಅದೂ ಕಾಣುತ್ತದಂತೆ, ಪೈರಿನಲ್ಲಿ, ಹಸಿರು ಗೆರೆಯಾಗಿ.
ಒಂದು ರಾತ್ರಿ!
ಕನ್ನಡಕ ತೆಗೆದು ಒರೆಸಿಕೊಂಡೆ.

"ನಮ್ಮ ಊರು ತೋರಿಸು" ಅಂದೆ.
ಊರು ಈಗ ಬೇಲಿಯೊಳಗೆ. ಹಡಗುಗಳಿಗೆ ಬಿಟ್ಟುಕೊಟ್ಟದ್ದು.
ಪಾಸಿಲ್ಲದೆ ಕಾಗೆಗಷ್ಟೇ ಪ್ರವೇಶ.
ಹುಡುಗಿ ಎರಡು ಬೆರಳಲ್ಲಿ ಆಕಾಶವನ್ನು ಹಿಗ್ಗಿಸಿದಳು.
ಸಮುದ್ರ, ಬೇಲಿ, ಡಾಂಬರು; ಆಮೇಲೆ
ಗುಡ್ಡದ ಬುಡಕ್ಕೊಂದು ಬಯಲು, ಜನವರಿಯ ಹುಲ್ಲು,
ಹುಲ್ಲಿನ ಮೇಲೆ ಮಸುಕು ಹಳದಿ ಗೆರೆಗಳು.

ಗುರುತು ಹತ್ತದೆ ಇರುತ್ತದೆಯೇ?
ಈ ಗೆರೆಗಳನ್ನು ಮೊದಲು ಎಳೆದವನೇ ನಾನು.
ಭೂಸ್ವಾಧೀನದ ವರ್ಷ, "ಊರಿನವನಾದರೆ ಜಗಳ ಕಡಿಮೆ"
ಎಂದು ಸಾಹೇಬರು ನನ್ನನ್ನೇ ಕಳಿಸಿದರು.
ಮೂರು ವಾರ ಅಳೆದೆ. ಚಿರೆಕಲ್ಲಿನ ಮನೆ ಇಷ್ಟಡಿ,
ಬಾವಿ ಒಂದು, ತೆಂಗು ಹದಿನೇಳು,
ಫಲ ಕೊಡುವವು ಎಷ್ಟು, ಕೊಡದವು ಎಷ್ಟು.
ಸರಪಳಿಯ ತುದಿ ಹಿಡಿಯಲು ಮಕ್ಕಳು ಕಿತ್ತಾಡಿದವು.
ಗುಣಾ ಮಾವಶಿ ಬೆಲ್ಲ ನೀರು ಕೊಟ್ಟಳು.

ಅವಳ ಮನೆಯ ಮಗ್ಗುಲಿಗೆ ಒಂದು ಕೋಣೆ.
ಮಡಲಿನ ಮಾಡು, ಎದೆಯೆತ್ತರದ ಮಣ್ಣಿನ ಗೋಡೆ.
ಒಣ ಸಿಗಡಿಯ ಬುಟ್ಟಿ, ಹರಿದ ಬಲೆ, ಮಗಳ ಮೂರು ಬಾಣಂತನ.
"ಇದನ್ನೂ ಬರಿ ವಿಠು. ಕೆಳಗೆ ಪಂಚಾಂಗ ಕಲ್ಲಿನದು.
ನಿನ್ನ ಮಾವನೇ ಹಾಕಿದ್ದು."
ಹೊತ್ತು ಇಳಿದಿತ್ತು. ಕೊನೆಯ ಬಸ್ಸು ಐದೂವರೆಗೆ.
ಕೆದಕಿ ನೋಡಲಿಲ್ಲ.
ಷರಾ ಕಾಲಂನಲ್ಲಿ ಬರೆದೆ: ತಾತ್ಕಾಲಿಕ.

ತಾತ್ಕಾಲಿಕಕ್ಕೆ ಪರಿಹಾರವಿಲ್ಲ.

ಅವಳು ಏನೂ ಅನ್ನಲಿಲ್ಲ. ಹೊಸ ಕಾಲನಿಯಲ್ಲಿ
ಎದುರಾದಾಗಲೆಲ್ಲ "ಚಹ ಆಯ್ತೇ" ಎಂದಷ್ಟೇ ಕೇಳುತ್ತಿದ್ದಳು.
ತೀರಿಕೊಂಡು ಹನ್ನೊಂದು ವರ್ಷ.

"ಇನ್ನೂ ಹತ್ತಿರ" ಅಂದೆ. ಚಿತ್ರ ಚೂರುಚೂರಾಯಿತು.
ಆದರೂ ಇದೆ. ದೊಡ್ಡ ಚೌಕಕ್ಕೆ ಆತುಕೊಂಡು
ಒಂದು ಸಣ್ಣ ಚೌಕ. ಸುತ್ತ ಹಳದಿ,
ತೆಂಕಣಕ್ಕೆ ಬಾಗಿಲಿದ್ದಷ್ಟು ಜಾಗ ಮಾತ್ರ ಹಸಿರು.
ಕಣ್ಣಳತೆಗೆ ಒಂಬತ್ತಡಿಗೆ ಹನ್ನೊಂದಡಿ.
ನನ್ನ ಕಣ್ಣಳತೆ ಅರ್ಧ ಅಡಿಗಿಂತ ಹೆಚ್ಚು ತಪ್ಪಿದ್ದಿಲ್ಲ.

ಪೆನ್ಸಿಲ್ ಇತ್ತು. ಕಾಗದಕ್ಕೆ ಕ್ಯಾಲೆಂಡರಿನ ಹಾಳೆ ಹರಿದೆ.
ಸಾನಿಕಾ ಕೇಳಿದಳು: "ಅಜ್ಜಾ, ರೋಮಿನವರು ಬಿಟ್ಟು ಹೋಗುವಾಗ
ಯಾರಾದರೂ ಬಂದು ಅಳೆದಿದ್ದರೇ?"
ನಾನು ಸ್ಕೇಲು ಹುಡುಕುತ್ತಿದ್ದೆ.